ಹೊಳೆಯಲ್ಲಿ ತೇಲಿ ಬಂದ ದಿಮ್ಮಿ ಯಾರದು?

ಪ್ರಶ್ನೆ: ಮಗಳ ಮನೆಗೆ ಅಂತ ಅಮೆರಿಕದ ಮಿನ್ನೆಸೋಟಕ್ಕೆ ಬಂದಿದ್ದೇವೆ. ಹೋದ ವಾರ ಸ್ಟಿಲ್‌ವಾಟರ್ ಎಂಬ ಊರು ನೋಡಿದೆವು. ಹಿಂದೆ ಅಲ್ಲಿ ಕಾಡಲ್ಲಿ ಕಡಿದ ದಿಮ್ಮಿಗಳನ್ನು ಸುಮ್ನೆ ಹೊಳೆಗೆ ಬಿಟ್ಟುಬಿಡುತ್ತಿದ್ದರಂತೆ. ಇಷ್ಟೊಂದು ಸಾಹುಕಾರರ ಮಾಲು ಒಟ್ಟಿಗೆ ತೇಲಿ ಬಂದರೆ ಯಾರದು ಯಾವುದು ಅಂತ ಗೊತ್ತಾಗುತ್ತಿದ್ದುದು ಹೇಗೆ? ಜಗಳ ಆಗ್ತಿರಲಿಲ್ವಾ?
– ಓದುಗರೊಬ್ಬರು, ಶಿರಸಿ

ಉತ್ತರ: ಜಗಳ ಆಗ್ತಿತ್ತು, ಕಳ್ಳತನವೂ ಆಗ್ತಿತ್ತು. ಅದಕ್ಕೇ ಮುದ್ರೆ. ಪ್ರತಿ ಸಾಹುಕಾರನಿಗೂ ತನ್ನದೇ ಗುರುತು, ಅದು ಸರ್ಕಾರಿ ದಫ್ತರದಲ್ಲಿ ದಾಖಲಾಗಿರಬೇಕು. ಕಾಡಲ್ಲೇ ತೊಗಟೆಯ ಮೇಲೆ ಕೊಡಲಿಯಿಂದ ಒಂದು ಗುರುತು ಕೆತ್ತಿ, ದಿಮ್ಮಿಯ ತುದಿಗೆ ಅಚ್ಚಿನ ಸುತ್ತಿಗೆಯಿಂದ ನಾಲ್ಕಾರು ಕಡೆ ಹೊಡೆಯುತ್ತಿದ್ದರು. ಒಂದೇ ಕಡೆ ಹೊಡೆದರೆ ಏನು ಪ್ರಯೋಜನ, ನೀರಲ್ಲಿ ಉರುಳಿದಾಗ ಅದೇ ಕೆಳಗೆ ಹೋಗಿಬಿಡುತ್ತದೆ ಅಲ್ವಾ? ಕಳ್ಳರೂ ಕಮ್ಮಿಯಿಲ್ಲ, ಮುದ್ರೆ ಇರುವ ತುದಿಯನ್ನೇ ಗರಗಸದಿಂದ ಕೊಯ್ದು ಎಸೆಯುತ್ತಿದ್ದರು.

ಊರಿಗಿಂತ ಸ್ವಲ್ಪ ಮೇಲೆ, ಸೇಂಟ್ ಕ್ರಾಯ್ ನದಿಗೆ ದಿಮ್ಮಿಗಳನ್ನೇ ಸರಪಳಿಯಿಂದ ಜೋಡಿಸಿ ಅಡ್ಡ ಕಟ್ಟಿದ್ದರು. ಇದೇ ‘ಬೂಮ್’, 1856ರಿಂದ 1914ರವರೆಗೆ ನಡೆಯಿತು. ತಳಕ್ಕೆ ಮೊಳೆ ಹೊಡೆದ ಬೂಟು ಹಾಕಿದ ಆಳುಗಳು ತೇಲುವ ದಿಮ್ಮಿಗಳ ಮೇಲೇ ನಡೆದಾಡುತ್ತಾ, ಮುದ್ರೆ ನೋಡಿ ಮಾಲು ಬೇರೆ ಮಾಡುತ್ತಿದ್ದರು. ಆಮೇಲೆ ಅಳತೆ. ಅದರ ಲೆಕ್ಕದಲ್ಲಿ ಬೂಮ್ ಕಂಪನಿಗೆ ಶುಲ್ಕ. ಮರ ಕಡಿಯದೆ ಕಾಸು ಮಾಡುವ ಧಂದೆ, ನನಗಂತೂ ಇವರೇ ಜಾಣರು ಅನ್ನಿಸುತ್ತದೆ!

ಊರಿನ ಮೊದಲ ಗರಗಸದ ಗಿರಣಿ ಶುರುವಾದದ್ದು 1844ರಲ್ಲಿ. ಪಾಲುದಾರರಲ್ಲೊಬ್ಬ ಜಾನ್ ಮೆಕ್ಯೂಸಿಕ್. ಬೆನ್ನಿಗೇ ಕಮ್ಮಾರಸಾಲೆ, ದಿನಸಿ ಅಂಗಡಿ, ಊಟ-ವಸತಿಯ ಮನೆ, ಹೆಂಡದಂಗಡಿ ಎಲ್ಲ ಬಂದವು. ಚಳಿಗಾಲ ಪೂರ್ತಿ ಗಂಡಸರು ಕಾಡಿನ ಬಿಡಾರದಲ್ಲಿ. ರಾತ್ರಿ ಹೊತ್ತು ದಾರಿಗೆ ನೀರು ಚಿಮುಕಿಸುತ್ತಿದ್ದರು, ಬೆಳಗಾಗುವಷ್ಟರಲ್ಲಿ ಅದು ಮಂಜುಗಡ್ಡೆ, ಅದರ ಮೇಲೆ ಕುದುರೆಗಳು ದಿಮ್ಮಿ ಹೇರಿದ ಜಾರುಬಂಡಿಯನ್ನು ಸಲೀಸಾಗಿ ಎಳೆಯುತ್ತಿದ್ದವು. ಊಟಕ್ಕೆ ಬೀನ್ಸ್ ಕಾಳು, ಉಪ್ಪು ಹಾಕಿದ ಹಂದಿಮಾಂಸ, ಪ್ಯಾನ್‌ಕೇಕ್, ಚಹಾ. ಪಂಕ್ತಿಯಲ್ಲಿ ಮಾತಾಡುವ ಹಾಗಿಲ್ಲ. ಮಾತಿಗೆ ಕೂತರೆ ಊಟ ಲಂಬಿಸುತ್ತದೆ, ಜಗಳವೂ ಹತ್ತಿಕೊಳ್ಳುತ್ತದೆ, ಅದಕ್ಕೇ ಅಡುಗೆಯವನು ಬಿಡುತ್ತಿರಲಿಲ್ಲ.

ಬಿಳಿ ಪೈನ್ ಮರ ಮುಗಿಯುತ್ತಾ ಬಂದಂತೆ ಬೂಮ್ ಕೂಡ ಮುಚ್ಚಿತು. ಆ ಜಾಗ ಊರಿನಿಂದ ಉತ್ತರಕ್ಕೆ ಮೂರು ಮೈಲಿ ಅಷ್ಟೇ. ಇನ್ನೊಂದು ಭಾನುವಾರ ಮಗಳಿಗೆ ಕಾರು ತೆಗೆಯೋಕೆ ಹೇಳಿ.