ಉಯಿಲು ನಿಜವೆಂದು ತೋರಿಸಬೇಕಾದವರು ನಿಮ್ಮ ಅಣ್ಣ

ತಿಪಟೂರು ತಾಲ್ಲೂಕಿನ ಸೋದರಿಯೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ನಾಲ್ಕು ಪುಟದ ಪತ್ರ ಬರೆದಿದ್ದಾರೆ. ತಂದೆ ನಿವೃತ್ತ ಮೇಷ್ಟ್ರು. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಹನ್ನೊಂದನೇ ದಿನದ ತಾರೀಖಿರುವ, ಹೆಬ್ಬೆಟ್ಟು ಒತ್ತಿದ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಉಯಿಲೊಂದನ್ನು ಅಣ್ಣ ತಿಥಿಯ ಮಾರನೆಯ ದಿನ ಹೊರತೆಗೆದಿದ್ದಾರೆ. ಮೂರು ಎಕರೆ ತೆಂಗಿನ ತೋಟ, ಪಿತ್ರಾರ್ಜಿತವೆಂದು ಹೇಳುವ ಎರಡು ಎಕರೆ ಹೊಲ, ಮನೆ, ಎಲ್ಲವೂ ಅಣ್ಣನಿಗೆ. ಮಗಳ ಹೆಸರೇ ಇಲ್ಲ. ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ಇನ್ನೊಬ್ಬರು ಅತ್ತಿಗೆಯ ತಮ್ಮ. "ರಿಜಿಸ್ಟರ್ ಆದದ್ದನ್ನು ಯಾರೂ ಅಲ್ಲಾಡಿಸೋಕಾಗಲ್ಲ ಅಂತ ಊರಿನವರು ಹೇಳ್ತಾರೆ. ಇದು ಸುಳ್ಳು ಉಯಿಲು ಅಂತ ನಾನು ಹೇಗೆ ಸಾಬೀತು ಮಾಡಲಿ?" ಎನ್ನುವುದು ಅವರ ಪ್ರಶ್ನೆ.

ಸೋದರಿ,

ಸಾಬೀತು ಮಾಡಬೇಕಾದವರು ನೀವಲ್ಲ. ಉಯಿಲಿನ ಹೆಸರಿನಲ್ಲಿ ಆಸ್ತಿ ಕೇಳುವವರು ಯಾರೋ, ಅದು ನಿಜವಾದ ಉಯಿಲು ಎಂದು ತೋರಿಸುವ ಹೊಣೆ ಅವರದೇ. ಉಳಿದ ಪತ್ರಗಳಿಗೂ ಉಯಿಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕ್ರಯಪತ್ರದ ಬಗ್ಗೆ ತಕರಾರು ಬಂದರೆ ಬರೆದುಕೊಟ್ಟವರನ್ನೇ ಕರೆದು ಕೇಳಬಹುದು. ಉಯಿಲು ಬೆಳಕಿಗೆ ಬರುವ ಹೊತ್ತಿಗೆ ಅದನ್ನು ಬರೆದವರು ಇರುವುದಿಲ್ಲ. ಅವರ ಪರವಾಗಿ ಮಾತಾಡುವ ಕಾಗದವನ್ನು ನ್ಯಾಯಾಲಯ ಅದಕ್ಕೇ ಅಷ್ಟು ಎಚ್ಚರದಿಂದ ನೋಡುತ್ತದೆ.

ಈ ಎಚ್ಚರವನ್ನು ಕಲಿಸಿದ ತೀರ್ಪು ನಮ್ಮ ಮೈಸೂರು ಸೀಮೆಯಿಂದಲೇ ಹೋದದ್ದು. ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ.ಎನ್. ತಿಮ್ಮಜಮ್ಮ ಅವರ ನಡುವಿನ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1958ರ ನವೆಂಬರ್‌ನಲ್ಲಿ ಹೇಳಿದ್ದನ್ನು ಇಂದಿಗೂ ಉಯಿಲಿನ ಪ್ರತಿ ದಾವೆಯಲ್ಲೂ ವಕೀಲರು ಓದುತ್ತಾರೆ. ಉಯಿಲಿನ ಸುತ್ತ ಅನುಮಾನ ಹುಟ್ಟಿಸುವ ಸಂಗತಿಗಳಿದ್ದರೆ, ಅವನ್ನೆಲ್ಲ ಒಂದೊಂದಾಗಿ ನಿವಾರಿಸಿ ನ್ಯಾಯಾಲಯದ ಅಂತಃಸಾಕ್ಷಿಗೆ ಸಮಾಧಾನ ತರಬೇಕಾದವರು ಉಯಿಲನ್ನು ಮುಂದಿಟ್ಟವರೇ. ಬರೆಸಲು ತಾನೇ ಓಡಾಡಿ, ದೊಡ್ಡ ಪಾಲನ್ನೂ ತಾನೇ ಪಡೆದವರ ಹೊಣೆ ಇನ್ನೂ ಭಾರ.

ನೋಂದಣಿಯ ವಿಷಯದಲ್ಲಿ ಊರಿನವರ ಮಾತು ಅರ್ಧ ನಿಜವೂ ಅಲ್ಲ. ಉಯಿಲಿಗೆ ನೋಂದಣಿ ಕಡ್ಡಾಯವೇ ಇಲ್ಲ, ಬಿಳಿ ಹಾಳೆಯ ಮೇಲೆ ಬರೆದದ್ದೂ ನಡೆಯುತ್ತದೆ. ನೋಂದಣಿ ಆಗಿದ್ದರೆ ಆ ದಿನ ಆ ಕಚೇರಿಯಲ್ಲಿ ಒಂದು ಪತ್ರ ಹಾಜರಾಯಿತು ಎನ್ನುವುದಕ್ಕೆ ಬಲ ಬರುತ್ತದೆ. ನಿಮ್ಮ ತಂದೆಗೆ ಅದರೊಳಗೆ ಏನಿದೆಯೆಂದು ತಿಳಿದಿತ್ತೇ ಎನ್ನುವುದಕ್ಕೆ ರಿಜಿಸ್ಟ್ರಾರ್ ಮೊಹರು ಉತ್ತರ ಕೊಡುವುದಿಲ್ಲ. ನೋಂದಣಿಯಾದ ಉಯಿಲುಗಳು ನ್ಯಾಯಾಲಯದಲ್ಲಿ ಬಿದ್ದುಹೋಗಿವೆ, ಆಗದವು ಗೆದ್ದೂ ಇವೆ.

ನಿಮ್ಮ ಅಣ್ಣ ದಾಟಬೇಕಾದ ಹೊಸ್ತಿಲು ಬೇರೆ. ಭಾರತೀಯ ಉತ್ತರಾಧಿಕಾರ ಕಾಯಿದೆ, 1925ರ 63ನೇ ಕಲಂ ಪ್ರಕಾರ ಉಯಿಲು ಬರೆದವರು ರುಜು ಹಾಕಬೇಕು ಇಲ್ಲವೇ ಗುರುತು ಒತ್ತಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ "ಇದು ನನ್ನದೇ ರುಜು" ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಆ ಸಾಕ್ಷಿಗಳು ಅವರೆದುರಿಗೇ ರುಜು ಮಾಡಿರಬೇಕು. ಇಬ್ಬರೂ ಒಂದೇ ಹೊತ್ತಿಗೆ ಅಲ್ಲಿರಬೇಕೆಂದಿಲ್ಲ. ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರನ್ನಾದರೂ ಕಟಕಟೆಗೆ ಕರೆಸಲೇಬೇಕು. ಹಳೆಯ ಸಾಕ್ಷ್ಯ ಕಾಯಿದೆಯ 68ನೇ ಕಲಮಿನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 67ನೇ ಕಲಮಾಗಿದೆ.

ಅಂದರೆ ಎಲ್ಲವೂ ಈಗ ಅತ್ತಿಗೆಯ ತಮ್ಮನ ಮಾತಿನ ಮೇಲೆ ನಿಂತಿದೆ. ಅವರು ನೆಂಟರಾದ ಮಾತ್ರಕ್ಕೆ ಸಾಕ್ಷಿಯಾಗಬಾರದೆಂದಿಲ್ಲ. ಆದರೆ ತಾವು ರುಜು ಹಾಕಿದ್ದನ್ನಷ್ಟೇ ಹೇಳಿದರೆ ಸಾಲದು, ತೀರಿಹೋದ ಸಾಕ್ಷಿಯೂ ಸರಿಯಾಗಿ ರುಜು ಮಾಡಿದರೆಂಬುದು ಅವರಿಂದ ಹೊರಬರಬೇಕು. 2002ರ ಡಿಸೆಂಬರ್‌ನಲ್ಲಿ ಜಾನಕಿ ನಾರಾಯಣ ಭೋಯಿರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಪಾಟಿ ಸವಾಲಿನಲ್ಲಿ ನಿಮ್ಮ ವಕೀಲರು ಇಲ್ಲಿ ಅವಸರ ಮಾಡಬಾರದು. ಉಯಿಲಿನ ಒಕ್ಕಣೆ ಹೇಳಿದವರು ಯಾರು, ಬಿಕ್ಕಲಂ (ಪತ್ರ ಬರೆದ ಕೈ) ಯಾರದ್ದು, ಓದಿ ಹೇಳಿದಾಗ ಮೇಷ್ಟ್ರು ಏನೆಂದರು, ಕಚೇರಿಗೆ ಹೇಗೆ ಕರೆದುಕೊಂಡು ಹೋದರು, ಮೊದಲು ಹೆಬ್ಬೆಟ್ಟು ಬಿತ್ತೋ ಸಾಕ್ಷಿಗಳ ರುಜುವೋ? ನಡೆದದ್ದನ್ನು ನೋಡಿದವರಿಗೆ ಇವು ಕಷ್ಟದ ಪ್ರಶ್ನೆಗಳಲ್ಲ.

ಆದರೂ ಸಾಕ್ಷಿ ಎಲ್ಲೋ ತಡವರಿಸಿದರೆ ಗೆದ್ದೆವೆಂದುಕೊಳ್ಳಬೇಡಿ. ಎಂ.ಬಿ. ರಮೇಶ್ ಮತ್ತು ಕೆ.ಎಂ. ವೀರಜೇ ಅರಸ್ ಮೊಕದ್ದಮೆಯಲ್ಲಿ 1943ರ ಉಯಿಲೊಂದರ ಜಗಳ 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಕಟಕಟೆಗೆ ಬಂದ ಸಾಕ್ಷಿ ಇನ್ನೊಬ್ಬ ಸಾಕ್ಷಿಯ ರುಜುವಿನ ಬಗ್ಗೆ ಬಿಡಿಸಿ ಹೇಳಿರಲಿಲ್ಲ. ಸುತ್ತಲಿನ ಸಂಗತಿಗಳನ್ನೆಲ್ಲ ಕೂಡಿಸಿ ನೋಡಿ ನ್ಯಾಯಾಲಯ ಆ ಉಯಿಲನ್ನು ಒಪ್ಪಿತು. ಉಯಿಲು ಬರೆದು ಎಪ್ಪತ್ತು ವರ್ಷ! ಆ ಸಂಖ್ಯೆ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಿಮಗೆ ಹಿತವಾಗದ ಎರಡು ಮಾತು ಹೇಳಲೇಬೇಕು. ಮಗಳಿಗೆ ಏನೂ ಬಿಟ್ಟಿಲ್ಲ ಎನ್ನುವುದು ಒಂದೇ ಉಯಿಲನ್ನು ಕೆಡಿಸುವುದಿಲ್ಲ. ಉಯಿಲಿಲ್ಲದಿದ್ದರೆ ಸಹಜವಾಗಿ ಬರುತ್ತಿದ್ದ ಪಾಲನ್ನು ಬದಲಿಸಲೆಂದೇ ಜನ ಉಯಿಲು ಬರೆಯುತ್ತಾರೆ. ನಿಮ್ಮ ಹೆಸರನ್ನೇ ಎತ್ತದಿರುವುದು, ಯಾಕೆ ಕೊಡಲಿಲ್ಲವೆಂಬ ಒಂದು ಸಾಲೂ ಇಲ್ಲದಿರುವುದು ಮಾತ್ರ ಗಮನಿಸತಕ್ಕದ್ದು. ಇನ್ನೊಂದು, ಹೆಬ್ಬೆಟ್ಟು. ಜೀವಮಾನವಿಡೀ ರುಜು ಮಾಡಿದ ಮೇಷ್ಟ್ರು ಹೆಬ್ಬೆಟ್ಟೊತ್ತಿದರೆಂದು ನಿಮಗೆ ಸಿಟ್ಟು ಬಂದಿದೆ. ಬಲಗೈ ಬಿದ್ದವರು ಎಡ ಹೆಬ್ಬೆಟ್ಟು ಒತ್ತುವುದು ಸಹಜ. ಅದನ್ನೇ ಹಿಡಿದು "ಫೋರ್ಜರಿ" ಎಂದು ದಾವೆಯಲ್ಲಿ ಬರೆದು, ನಾಳೆ ತಜ್ಞರು ಅದು ಅವರದೇ ಬೆರಳೆಂದು ವರದಿ ಕೊಟ್ಟರೆ ನಿಮ್ಮ ಉಳಿದ ಮಾತೂ ಹಗುರಾಗುತ್ತದೆ. ಮೋಸ, ಬಲವಂತ ಎಂದು ಆರೋಪ ಮಾಡಿದರೆ ಅದನ್ನು ರುಜುವಾತುಪಡಿಸುವ ಹೊರೆ ನಿಮ್ಮ ತಲೆಗೇ ಬರುತ್ತದೆ.

ನಿಮ್ಮ ಬಲವಿರುವುದು ಆ ಹನ್ನೊಂದು ದಿನಗಳಲ್ಲಿ. ದೇಹದ ಬಲಭಾಗ ಬಿದ್ದರೆ ಪೆಟ್ಟು ಮೆದುಳಿನ ಎಡಭಾಗಕ್ಕೆ ಬಿದ್ದಿರುತ್ತದೆ, ಬಹುತೇಕ ಜನರಲ್ಲಿ ಮಾತಿನ ಶಕ್ತಿ ಇರುವುದೂ ಅಲ್ಲೇ. ತಂದೆಗೆ ಆಗ ಮಾತು ಬರುತ್ತಿತ್ತೇ, ಹೇಳಿದ್ದು ಅರ್ಥವಾಗುತ್ತಿತ್ತೇ? ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ವರದಿ, ನರ್ಸುಗಳ ಟಿಪ್ಪಣಿ ಎಲ್ಲದರ ಪ್ರತಿಗೆ ಆಸ್ಪತ್ರೆಗೆ ಈಗಲೇ ಬರೆದು ಕೊಡಿ. ಉಯಿಲಿನ ದೃಢೀಕೃತ ನಕಲನ್ನೂ ತೆಗೆಸಿ.

ಹೊಲದ ಮಾತು ಬೇರೆ. ಅದು ನಿಜಕ್ಕೂ ಅವಿಭಕ್ತ ಕುಟುಂಬದ ಆಸ್ತಿಯಾಗಿದ್ದರೆ ತಂದೆ ತಮ್ಮ ಪಾಲನ್ನಷ್ಟೇ ಉಯಿಲಿನಲ್ಲಿ ಬರೆಯಬಹುದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಬಂದ ತಿದ್ದುಪಡಿಯಿಂದ ಮಗಳಿಗೂ ಹುಟ್ಟಿನಿಂದಲೇ ಹಕ್ಕಿದೆ, ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಅದನ್ನು ಗಟ್ಟಿ ಮಾಡಿದೆ. ಆದರೆ ತಾತನ ಸ್ವಂತ ಜಮೀನು 1956ರ ನಂತರ ವಾರಸಿಕೆಯಿಂದ ತಂದೆಗೆ ಬಂದಿದ್ದರೆ ಅದು ತಂದೆಯ ಪ್ರತ್ಯೇಕ ಆಸ್ತಿ. ತಾತ ತೀರಿಕೊಂಡ ವರ್ಷ, ಜಮೀನು ತಾತನಿಗೆ ಬಂದ ಬಗೆ, ಹಳೆಯ ಪಹಣಿ, ಇವನ್ನು ಹುಡುಕಿಸಿ.

ಖಾತೆ ಬದಲಾವಣೆಗೆ ಅಣ್ಣ ಅರ್ಜಿ ಹಾಕಿದ್ದಾರೆಂದು ಬರೆದಿದ್ದೀರಿ. ನಾಡಕಚೇರಿಯಲ್ಲಿ ಲಿಖಿತ ತಕರಾರು ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಖಾತೆ ಯಾರ ಹೆಸರಿಗಾದರೂ ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ, ಉಯಿಲು ನಿಜವೋ ಅಲ್ಲವೋ ಎಂದು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಅಲ್ಲಿ ಪಾಲಿಗೆ ದಾವೆ ಹಾಕಿ, ಆಸ್ತಿ ಪರಭಾರೆಯಾಗದಂತೆ ತಡೆಯಾಜ್ಞೆ ಕೇಳಿ. ವಕೀಲರ ಫೀಜಿಗೆ ಅಂಜಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಸಮಿತಿ ಇರುತ್ತದೆ, ವಿಚಾರಿಸಿ.

ನಾಲ್ಕು ಪುಟದ ನಿಮ್ಮ ಪತ್ರದಲ್ಲಿ ಅಮ್ಮನ ಮಾತು ಒಂದೇ ಕಡೆ ಬರುತ್ತದೆ, "ಅಮ್ಮ ಅಣ್ಣನ ಜೊತೆ ಇದ್ದಾಳೆ" ಎಂದು. ಉಯಿಲಿಲ್ಲದಿದ್ದರೆ ನಿಮ್ಮಷ್ಟೇ ಪಾಲು ಅವರಿಗೂ ಬರಬೇಕು. ಈ ಉಯಿಲಿನಲ್ಲಿ ಅವರ ಹೆಸರಿದೆಯೋ ಇಲ್ಲವೋ ನೀವು ಬರೆದಿಲ್ಲ. ಆ ಹನ್ನೊಂದು ದಿನವೂ ತಂದೆಗೆ ಅನ್ನ ಕಲಸಿ ತಿನ್ನಿಸಿದವರು, ಅವರಿಗೆ ಮಾತು ಬರುತ್ತಿತ್ತೋ ಇಲ್ಲವೋ ಬಲ್ಲವರು ಅವರೇ. ವಕೀಲರ ಹತ್ತಿರ ಹೋಗುವ ಮೊದಲು ಒಂದು ದಿನ ಅಮ್ಮನ ಬಳಿ ಹೋಗಿ ಕೂತು ಬನ್ನಿ.