ಮನೆ ಸರ್ವರ್‌ಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿದರೆ ವೇಗ ಎರಡು ಪಟ್ಟು ಆಗುತ್ತಾ?

ಹಳೆಯ ಪಿಸಿಗೆ ಉಬುಂಟು ಹಾಕಿ ಸರ್ವರ್ ಮಾಡಿದ್ದೀರಿ. ಈಗ ಎರಡನೇ ಗಿಗಾಬಿಟ್ ಕಾರ್ಡ್ ತಂದಿದ್ದೀರಿ. ಎರಡನ್ನೂ ಸೇರಿಸಿ ಫೈಲ್ ಕಾಪಿ ವೇಗ ಎರಡು ಪಟ್ಟು ಮಾಡುವುದು ಹೇಗೆ ಅಂತ ಕೇಳಿದ್ದೀರಿ. ನಾನೂ ಇದೇ ಆಸೆಯಿಂದ ಶುರು ಮಾಡಿದ್ದೆ. ಅದಕ್ಕೇ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ನೀವು ಒಬ್ಬರೇ ಒಂದು ಫೈಲ್ ಎಳೆಯುವಾಗ ವೇಗ ಜಾಸ್ತಿ ಆಗುವುದಿಲ್ಲ. ಮನೆಯಲ್ಲಿ ಇಬ್ಬರು ಮೂವರು ಒಂದೇ ಹೊತ್ತಿಗೆ ಸರ್ವರ್ ಬಳಸುವಾಗ ಲಾಭ ಕಾಣುತ್ತದೆ. ಎರಡು ನಲ್ಲಿ ಇದ್ದರೆ ಎರಡು ಕೊಡ ಒಟ್ಟಿಗೆ ತುಂಬಿಸಬಹುದು. ಆದರೆ ಒಂದು ಕೊಡ ಒಂದೇ ನಲ್ಲಿಯ ಕೆಳಗೆ ಕೂರಬೇಕು, ಅಲ್ವಾ?

ನಾನು ಮೊದಲು ಎರಡು ಕಾರ್ಡ್‌ಗೂ ಬೇರೆ ಬೇರೆ ಐಪಿ ಕೊಟ್ಟೆ, 192.168.1.10 ಮತ್ತು 192.168.1.11. ಎರಡರ ದೀಪವೂ ಮಿನುಗುತ್ತಿತ್ತು. ಅಳೆದು ನೋಡಿದರೆ ಸರ್ವರ್‌ನಿಂದ ಹೊರಗೆ ಹೋಗುವ ಡೇಟಾ ಎಲ್ಲ ಒಂದೇ ಕಾರ್ಡ್‌ನಲ್ಲಿ. ಎರಡೂ ಒಂದೇ ಸಬ್‌ನೆಟ್ (ಒಂದೇ ಐಪಿ ಗುಂಪು) ಆದ್ದರಿಂದ ಲಿನಕ್ಸ್ ತನ್ನ ರೂಟಿಂಗ್ ಟೇಬಲ್‌ನಲ್ಲಿ, ಅಂದರೆ ದಾರಿಗಳ ಪಟ್ಟಿಯಲ್ಲಿ, ಒಂದು ದಾರಿ ಹಿಡಿದು ಅದರಲ್ಲೇ ಕಳಿಸುತ್ತದೆ. ನೀವು ಹೀಗೆ ಮಾಡಬೇಡಿ. ಎರಡನ್ನೂ ಸೇರಿಸಿ ಒಂದೇ ಕಾರ್ಡ್‌ನಂತೆ ಮಾಡಬೇಕು. ಅದೇ ಬಾಂಡಿಂಗ್.

ಬಾಂಡಿಂಗ್‌ನಲ್ಲಿ 0ಯಿಂದ 6ರವರೆಗೆ ಏಳು ಮೋಡ್ ಇವೆ. ಯಾವುದು ಬೇಕು ಅನ್ನುವುದು ನಿಮ್ಮ ಸ್ವಿಚ್ (ಮನೆಯ ನೆಟ್‌ವರ್ಕ್ ಕೇಬಲ್‌ಗಳೆಲ್ಲ ಸೇರುವ ಡಬ್ಬಿ) ಮೇಲೆ ನಿಂತಿದೆ. ಸ್ವಿಚ್‌ನಲ್ಲಿ ಎಲ್‌ಎಸಿಪಿ (ಸರ್ವರ್, ಸ್ವಿಚ್ ತಾವೇ ಮಾತಾಡಿಕೊಂಡು ಕೇಬಲ್‌ಗಳನ್ನು ಸೇರಿಸುವ ವಿಧಾನ) ಇದ್ದರೆ ಮೋಡ್ 4. ಕಡಿಮೆ ಬೆಲೆಯ ಕೆಲವು ಸ್ಮಾರ್ಟ್ ಸ್ವಿಚ್‌ಗಳಲ್ಲಿ ಸ್ಟ್ಯಾಟಿಕ್ ಲ್ಯಾಗ್ (ಕೇಬಲ್‌ಗಳನ್ನು ನಾವೇ ಕೈಯಾರೆ ಸೇರಿಸುವುದು) ಮಾತ್ರ ಇರುತ್ತದೆ, ಅದಕ್ಕೆ ಮೋಡ್ 2. ಸೆಟ್ಟಿಂಗೇ ಇಲ್ಲದ ಸಾದಾ ಸ್ವಿಚ್ ಆದರೆ ಮೋಡ್ 6, ಇಲ್ಲವೇ ಒಂದು ಕೇಬಲ್ ಹೋದರೆ ಇನ್ನೊಂದು ಇರಲಿ ಅನ್ನುವಷ್ಟೇ ಆದರೆ ಮೋಡ್ 1. ಮೋಡ್ 0 ಕಡೆ ಆಸೆ ಹೋಗುತ್ತದೆ, ಪ್ಯಾಕೆಟ್‌ಗಳನ್ನು ಸರದಿಯಂತೆ ಎರಡೂ ಕೇಬಲ್‌ಗೆ ಹಂಚುತ್ತದಲ್ಲ ಅಂತ. ಆದರೆ ಪ್ಯಾಕೆಟ್‌ಗಳು ಹಿಂದೆ ಮುಂದೆ ಆಗಿ ತಲುಪುತ್ತವೆ. ಕಳೆದೇ ಹೋಯಿತು ಅಂದುಕೊಂಡು ಟಿಸಿಪಿ (ಡೇಟಾ ಸರಿಯಾಗಿ ತಲುಪಿತೇ ಅಂತ ನೋಡಿಕೊಳ್ಳುವ ನಿಯಮ) ಮತ್ತೆ ಕಳಿಸುತ್ತದೆ.

ಮೋಡ್ 4ರಲ್ಲಿ ನಾನು ಎಡವಿದ್ದು ಹ್ಯಾಶ್, ಅಂದರೆ ಡೇಟಾವನ್ನು ಕೇಬಲ್‌ಗಳಿಗೆ ಹಂಚುವ ಲೆಕ್ಕದ ವಿಷಯದಲ್ಲಿ. ಯಾವ ಡೇಟಾ ಯಾವ ಕೇಬಲ್‌ಗೆ ಅನ್ನುವುದನ್ನು ಲಿನಕ್ಸ್ ಮಾಮೂಲಾಗಿ ಮ್ಯಾಕ್ ಅಡ್ರೆಸ್ (ಪ್ರತಿ ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ) ನೋಡಿ ತೀರ್ಮಾನಿಸುತ್ತದೆ. ನಾನು ಸರ್ವರ್‌ನಿಂದ ತಂಗಿಯ ಮದುವೆ ವಿಡಿಯೊ ಲ್ಯಾಪ್‌ಟಾಪ್‌ಗೆ ಎಳೆಯುವಾಗಲೆಲ್ಲ ಅಪ್ಪ ನೋಡುತ್ತಿದ್ದ ಸಿನಿಮಾ ಟಿವಿಯಲ್ಲಿ ತಡೆದು ತಡೆದು ಬರುತ್ತಿತ್ತು. ಎರಡು ಕೇಬಲ್ ಇದ್ದೂ ಲ್ಯಾಪ್‌ಟಾಪ್, ಟಿವಿ ಎರಡೂ ಒಂದೇ ಕೇಬಲ್ ಪಾಲಾಗಿದ್ದವು. ಹ್ಯಾಶ್ ಪಾಲಿಸಿಯನ್ನು ಲೇಯರ್ 3+4 ಮಾಡಿದೆ. ಅಂದರೆ ಐಪಿ ಮತ್ತು ಪೋರ್ಟ್ (ಪ್ರತಿ ಕನೆಕ್ಷನ್ ಬಳಸುವ ಸಂಖ್ಯೆ) ನೋಡಿ ಹಂಚು ಅಂತ. ಆಮೇಲೆ ಬೇರೆ ಬೇರೆ ಆದವು. ಇನ್ನೊಂದು ಗಮನಿಸಿ: ಈ ಸೆಟ್ಟಿಂಗ್ ಸರ್ವರ್‌ನಿಂದ ಹೊರಡುವ ಡೇಟಾಕ್ಕೆ ಮಾತ್ರ. ಸರ್ವರ್ ಕಡೆ ಬರುವುದನ್ನು ಹಂಚುವುದು ಸ್ವಿಚ್, ಅದಕ್ಕೆ ಅದರದೇ ಹ್ಯಾಶ್ ಇರುತ್ತದೆ.

ಉಬುಂಟುವಿನಲ್ಲಿ ಇದನ್ನೆಲ್ಲ ನೆಟ್‌ಪ್ಲಾನ್ ಅನ್ನುವ ನೆಟ್‌ವರ್ಕ್ ಸೆಟ್ಟಿಂಗ್ ಫೈಲ್‌ನಲ್ಲಿ ಬರೆಯಬೇಕು. ಎರಡು ಕಾರ್ಡ್‌ಗಳಿಗೂ ಡಿಎಚ್‌ಸಿಪಿ (ತಾನಾಗಿ ಐಪಿ ಪಡೆಯುವುದು) ಬೇಡ ಅನ್ನಿ, ಐಪಿಯನ್ನು ಬಾಂಡ್‌ಗೆ ಕೊಡಿ, ಲಿಂಕ್ ಪರೀಕ್ಷೆಯ ಅವಧಿ 100 ಮಿಲಿಸೆಕೆಂಡ್ ಅಂತ ಬರೆಯಿರಿ. ಅದನ್ನು ಬರೆಯದಿದ್ದರೆ ಕೇಬಲ್ ಕಿತ್ತರೂ ಬಾಂಡ್‌ಗೆ ಗೊತ್ತಾಗದೇ ಹೋಗಬಹುದು. ದಯವಿಟ್ಟು ಈ ಕೆಲಸವನ್ನು ಎಸ್‌ಎಸ್‌ಎಚ್‌ನಲ್ಲಿ (ಬೇರೆ ಕಂಪ್ಯೂಟರ್‌ನಿಂದ ನೆಟ್‌ವರ್ಕ್ ಮೂಲಕ) ಮಾಡಬೇಡಿ, ನಡುವೆ ಸಂಪರ್ಕ ಕಡಿದು ಹೋಗಬಹುದು. ‘ನೆಟ್‌ಪ್ಲಾನ್ ಟ್ರೈ’ ಕೊಟ್ಟರೆ 120 ಸೆಕೆಂಡ್‌ನಲ್ಲಿ ತಾನೇ ಹಳೆಯ ಸ್ಥಿತಿಗೆ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಬಾಂಡ್‌ನ ಸೆಟ್ಟಿಂಗ್‌ಗಳನ್ನು ಅದು ಹಿಂದಕ್ಕೆ ತರುವುದಿಲ್ಲ. ಸರ್ವರ್‌ಗೆ ಮಾನಿಟರ್, ಕೀಬೋರ್ಡ್ ಸಿಕ್ಕಿಸಿಕೊಂಡೇ ಕೂತುಕೊಳ್ಳಿ.

ಮುಗಿದ ಮೇಲೆ /proc/net/bonding ಫೋಲ್ಡರ್‌ನಲ್ಲಿ ಬಾಂಡ್ ಹೆಸರಿನ ಫೈಲ್ ತೆರೆದು ನೋಡಿ. ಮೋಡ್ 4 ಆದರೆ ಎರಡೂ ಕಾರ್ಡ್‌ಗೆ ಅಗ್ರಿಗೇಟರ್ ಐಡಿ (ಸೇರಿಸಿದ ಗುಂಪಿನ ಸಂಖ್ಯೆ) ಒಂದೇ ಇರಬೇಕು. ಪಾರ್ಟ್‌ನರ್ ಮ್ಯಾಕ್ (ಆ ಕಡೆಯ ಸ್ವಿಚ್‌ನ ಮ್ಯಾಕ್) ಪೂರ್ತಿ ಸೊನ್ನೆ ಇದ್ದರೆ ಸ್ವಿಚ್ ಎಲ್‌ಎಸಿಪಿ ಮಾತಾಡುತ್ತಿಲ್ಲ ಅಂತ ಅರ್ಥ. ವೇಗವನ್ನು ಐಪರ್ಫ್3 ಅನ್ನುವ ಪ್ರೋಗ್ರಾಂ ಬಳಸಿ ಎರಡು ಕಂಪ್ಯೂಟರ್‌ಗಳಿಂದ ಒಟ್ಟಿಗೆ ಅಳೆಯಿರಿ. ಒಂದರಿಂದ ಅಳೆದು ಬೇಸರ ಪಡಬೇಡಿ.

ನಿಮಗೆ ಒಂದೇ ಕಾಪಿ ಬೇಗ ಆಗಬೇಕು ಅಂದರೆ ನನ್ನ ಸಲಹೆ ಬೇರೆ. ಗಿಗಾಬಿಟ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಿಗುತ್ತದೆ. ಎರಡೂ ಕಡೆ 2.5 ಗಿಗಾಬಿಟ್ ಕಾರ್ಡ್, ನಡುವೆ ಅದೇ ವೇಗದ ಸ್ವಿಚ್ ಹಾಕಿ. ಗೋಡೆಯೊಳಗಿನ ಕ್ಯಾಟ್ 5ಇ ಕೇಬಲ್ ಸಾಕು, 100 ಮೀಟರ್‌ವರೆಗೆ ನಡೆಯುತ್ತದೆ. ಇನ್ನೊಂದು ದಾರಿ ಎಸ್‌ಎಂಬಿ (ವಿಂಡೋಸ್‌ನ ಫೈಲ್ ಹಂಚಿಕೆ ವಿಧಾನ) ಮಲ್ಟಿಚಾನೆಲ್. ಅದು ಒಂದೇ ಕಾಪಿಯನ್ನೂ ಹಲವು ಕನೆಕ್ಷನ್‌ಗೆ ಹಂಚುತ್ತದೆ. ಲಿನಕ್ಸ್‌ನಲ್ಲಿ ಎಸ್‌ಎಂಬಿ ನಡೆಸುವ ಪ್ರೋಗ್ರಾಂ ಸಾಂಬಾ, ಅದರ 4.15 ಆವೃತ್ತಿಯಿಂದ ಇದು ತಾನಾಗೇ ಆನ್ ಇದೆ. ಆದರೆ ನಿಮ್ಮ ಕಂಪ್ಯೂಟರ್‌ನಲ್ಲೂ ಎರಡು ಕಾರ್ಡ್ ಬೇಕಾಗುತ್ತದೆ, ಎರಡೂ ಕಡೆಯ ಕಾರ್ಡ್‌ಗಳನ್ನು ಬಾಂಡ್ ಮಾಡಬಾರದು. ಖರ್ಚು ಮಾಡುವ ಮುಂಚೆ ಸರ್ವರ್‌ನ ಡಿಸ್ಕ್ ಎಷ್ಟು ವೇಗವಾಗಿ ಓದುತ್ತದೆ ಅಂತ ನೋಡಿ. ಹಳೆಯ ಹಾರ್ಡ್‌ಡಿಸ್ಕ್ 100 ಎಂಬಿಗೇ ಸುಸ್ತಾದರೆ ಯಾವ ಕಾರ್ಡ್ ತಂದೂ ಉಪಯೋಗವಿಲ್ಲ.

ನಿಮ್ಮ ಸ್ವಿಚ್ ಯಾವ ಮಾಡೆಲ್, ಒಟ್ಟಿಗೆ ಎಷ್ಟು ಜನ ಬಳಸುತ್ತೀರಿ ಅಂತ ಕೆಳಗೆ ಬರೆಯಿರಿ. ನೆಟ್‌ಪ್ಲಾನ್ ಫೈಲ್‌ನಲ್ಲಿ ಏನು ಬರೆಯಬೇಕು ಅಂತ ಸಾಲು ಸಾಲಾಗಿ ಹೇಳುತ್ತೇನೆ.