ಕೆಟ್ಟ ಬೈಕ್ ಬ್ಯಾಟರಿಯನ್ನು ಮನೆಯಲ್ಲೇ ಸರಿಮಾಡಬಹುದಾ?

ಹೇಗೆ ಕೆಟ್ಟಿದೆ ಅನ್ನೋದು ಮುಖ್ಯ. ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ದಯವಿಟ್ಟು ಕೈ ಹಾಕಬೇಡಿ, ಬದಲಾಯಿಸಿ.

ಗಾಡಿ ತುಂಬಾ ದಿನ ಸುಮ್ನೆ ನಿಂತು ಚಾರ್ಜ್ ಇಳಿದಿದ್ದರೆ ಆಸೆ ಇದೆ. ಹಾಗೆ ಬಿಟ್ಟಾಗ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಕೂರುತ್ತದೆ. ಅದು ಪೂರ್ತಿ ಗಟ್ಟಿಯಾಗದಿದ್ದರೆ ನಿಧಾನವಾಗಿ ಚಾರ್ಜ್ ಮಾಡಿದಾಗ ಸ್ವಲ್ಪ ಬಿಡುತ್ತದೆ. 5 ಆಂಪಿಯರ್-ಅವರ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಬ್ಯಾಟರಿಗೆ 0.5 ಆಂಪಿಯರ್ ಸಾಕು, ಜಾಸ್ತಿ ಬೇಡ. ಮುಚ್ಚಳ ಇರುವ ಬ್ಯಾಟರಿಯಲ್ಲಿ ನೀರು ಇಳಿದಿದ್ದರೆ ಮೊದಲು ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ. ಆಸಿಡ್ ಹಾಕಲೇಬೇಡಿ, ಆರಿರೋದು ನೀರು ಮಾತ್ರ ಅಲ್ವಾ. ಸೀಲ್ ಆಗಿರುವುದನ್ನು ತೆರೆಯಬಾರದು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಗಾಳಿಯಾಡುವ ಜಾಗ ಇರಲಿ, ಬೆಂಕಿ ಹತ್ತಿರ ಬೇಡ. ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ.

ಚಾರ್ಜರ್ ತೆಗೆದು ಒಂದು ರಾತ್ರಿ ಬಿಟ್ಟು ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಸಾಧನ) ಹಿಡಿಯಿರಿ. 12.6 ವೋಲ್ಟ್ ಆಸುಪಾಸು ಇದ್ದರೆ ಒಳ್ಳೆಯದು. 10.5ರ ಹತ್ತಿರವೇ ನಿಂತರೆ ಬ್ಯಾಟರಿಯೊಳಗಿನ ಸೆಲ್‌ಗಳಲ್ಲಿ (ಕರೆಂಟ್ ಕೊಡುವ ಚಿಕ್ಕ ಭಾಗಗಳು) ಒಂದು ಹೋಗಿರುವ ಸಾಧ್ಯತೆ ಜಾಸ್ತಿ. ಅದು ಮನೆಯಲ್ಲಿ ಸರಿಹೋಗುವುದಿಲ್ಲ.